ನೀರಿನ ಮಟ್ಟ ಹಿಡಿದು ಸೈಕಲ್ ಸವಾರಿ

ಮೌಂಟನ್ ಬೈಕ್ ಹುಟ್ಟಿದ್ದು ಬೆಟ್ಟ ಇಳಿಯುವ ಹುಚ್ಚಿನಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್ ಮುಂತಾದ ಗೆಳೆಯರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡದ ನೆತ್ತಿಗೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಗೆ ಬಿಡುತ್ತಿದ್ದರು. 1976ರಲ್ಲಿ ಅಂಥದ್ದೇ ಒಂದು ಇಳಿಜಾರಿನಲ್ಲಿ ಪಂದ್ಯ ಶುರುವಾಯಿತು. ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸದಾಗಿ ತುಂಬಬೇಕಿತ್ತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ‘ಸ್ಟಂಪ್‌ಜಂಪರ್’ ಎಂಬ ಮಾದರಿಯನ್ನು ಕಾರ್ಖಾನೆಯಲ್ಲಿ ಮಾಡಿಸಿ ಮಾರಲು ತೊಡಗಿದ ಮೇಲೆ ಈ ಸೈಕಲ್ ಊರೂರಿಗೂ ಹಬ್ಬಿತು.

ಅಂಥ ಸೈಕಲ್ಲನ್ನು ಬೆಟ್ಟವೇ ಇಲ್ಲದ ಗದ್ದೆಬಯಲಿನಲ್ಲಿ ಯಾಕೆ ತುಳಿಯಬೇಕು? ನನ್ನ ಮಟ್ಟಿಗೆ ಹೇಳುವುದಾದರೆ, ಈ ಸೈಕಲ್ಲಿಗೆ ಕಾವೇರಿ ಸೀಮೆಯ ನಾಲೆ ಏರಿಗಿಂತ ತಕ್ಕ ದಾರಿ ಇನ್ನೊಂದಿಲ್ಲ. ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್‌ನಿಂದ, ಹೊರಟ ನೀರು ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಹೇಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಹೆದ್ದಾರಿಯ ಕಾರು ತೋರಿಸುವುದಿಲ್ಲ. ಬೈಕಿನ ವೇಗಕ್ಕೆ ಏರಿಯ ಗುಂಡಿಗಳೇ ಬಿಡುವುದಿಲ್ಲ. ನಡೆದರೆ ಒಂದು ದಿನದಲ್ಲಿ ಒಂದೇ ಶಾಖಾ ನಾಲೆ ಮುಗಿಯುತ್ತದೆ. ಗಂಟೆಗೆ ಹನ್ನೆರಡು-ಹದಿನೈದು ಕಿ.ಮೀ. ವೇಗದ ಗೇರ್ ಸೈಕಲ್ ಮಾತ್ರ ಈ ಸೀಮೆಯನ್ನು ಕಟ್ಟಿದ ಬಗೆಯನ್ನು ಬಿಡಿಸಿ ತೋರಿಸುತ್ತದೆ.

ಮೊದಲು ಏರಿಯ ಮೇಲೆ ನಿಂತು ಎಡಕ್ಕೂ ಬಲಕ್ಕೂ ನೋಡಬೇಕು. ಒಂದು ಬದಿಯಲ್ಲಿ ರಾಗಿ, ಹುರುಳಿ, ನಡುವೆ ಅಲ್ಲೊಂದು ಇಲ್ಲೊಂದು ಬೇವು. ಇನ್ನೊಂದು ಬದಿಯಲ್ಲಿ ಭತ್ತ, ಕಬ್ಬು, ತೆಂಗು. ಒಂದು ಕಡೆ ಖುಷ್ಕಿ, ಒಂದು ಕಡೆ ತರಿ. ನಡುವೆ ಇರುವುದು ನಾಲೆಯೊಂದೇ. ಹತ್ತು ಹೆಜ್ಜೆ ಅಂತರದಲ್ಲಿ ಜಮೀನಿನ ಬೆಲೆ, ಬೆಳೆ, ಆ ಮನೆಯ ಊಟ ಎಲ್ಲ ಬೇರೆ. ಕಾರಣ ಸರಳ: ನೀರು ಮೇಲಕ್ಕೆ ಹರಿಯುವುದಿಲ್ಲ. ನಾಲೆಗಿಂತ ತಗ್ಗಿನಲ್ಲಿರುವ ಭೂಮಿಗೆ ತೂಬಿನಿಂದ ನೀರು ಇಳಿಯುತ್ತದೆ, ಎತ್ತರದಲ್ಲಿರುವುದಕ್ಕೆ ಮಳೆಯೇ ಗತಿ. ಈಚೆಗೆ ಏತ ನೀರಾವರಿ, ಪಂಪ್‌ಸೆಟ್ಟು ಬಂದು ಈ ಗೆರೆ ಅಲ್ಲಲ್ಲಿ ಮಸುಕಾಗಿದೆ. ಆದರೂ ಏರಿಯ ಮೇಲೆ ಸಾಗುವವರ ಕಣ್ಣಿಗೆ ಅದು ಮೈಲಿಗಟ್ಟಲೆ ಬಿಡದೆ ಕಾಣುತ್ತದೆ.

ನಾಲೆ ಎಂದರೆ ಏನೆಂಬುದನ್ನು ನಾನು ಸರಿಯಾಗಿ ತಿಳಿದದ್ದು ಪೆಡಲ್ ತುಳಿಯುವಾಗಲೇ. ನದಿಯ ನೀರನ್ನು ಎತ್ತರದಲ್ಲಿ ಹಿಡಿದು, ಆ ಎತ್ತರವನ್ನು ಆದಷ್ಟೂ ಕಳೆದುಕೊಳ್ಳದೆ ದೂರಕ್ಕೆ ಒಯ್ಯುವುದೇ ಅದರ ಕೆಲಸ. ದೊಡ್ಡ ನಾಲೆಗಳ ಇಳಿಜಾರು ಸಾಮಾನ್ಯವಾಗಿ ಕಿ.ಮೀ.ಗೆ 10ರಿಂದ 25 ಸೆಂ.ಮೀ. ಅಷ್ಟೆ. ಹೆಚ್ಚು ಇಳಿಜಾರು ಕೊಟ್ಟರೆ ನೀರು ಮಣ್ಣನ್ನು ಕೊರೆಯುತ್ತದೆ, ಕಡಿಮೆ ಕೊಟ್ಟರೆ ಹೂಳು ಕೂರುತ್ತದೆ. ನದಿಯಾದರೋ ಬೇಗ ಬೇಗ ಇಳಿದು ಹೋಗುತ್ತದೆ. ಹೀಗೆ ಒಂದೇ ಕಡೆಯಿಂದ ಹೊರಟ ನದಿ ಮತ್ತು ನಾಲೆಗಳ ನಡುವೆ ಸಾಗುತ್ತ ಸಾಗುತ್ತ ಎತ್ತರದ ಅಂತರ ಹಿಗ್ಗುತ್ತದೆ, ಅಗಲವೂ ಹಿಗ್ಗುತ್ತದೆ. ಮಂಡ್ಯದ ಗದ್ದೆಗಳೆಲ್ಲ ಇರುವುದು ಆ ಅಂತರದೊಳಗೆ.

ಸವಾರನಿಗೆ ಇದರಿಂದ ಆಗುವ ಲಾಭ ದೊಡ್ಡದು. ಈ ಸೀಮೆ ನಿಜಕ್ಕೂ ಸಪಾಟಾಗಿಲ್ಲ. ಡಾಂಬರು ರಸ್ತೆ ಹಿಡಿದರೆ ಪ್ರತಿ ಎರಡು ಮೈಲಿಗೊಂದು ಏರು, ಒಂದು ಹಳ್ಳ. ಸಪಾಟಾಗಿರುವುದು ಏರಿ ಮಾತ್ರ. ದಿಣ್ಣೆ ಎದುರಾದರೆ ನಾಲೆ ಸುತ್ತಿಕೊಂಡು ಹೋಗುತ್ತದೆ, ಹಳ್ಳ ಎದುರಾದರೆ ಮೇಲುಗಾಲುವೆಯ ಮೇಲೆ ದಾಟುತ್ತದೆ. ನೂರು ವರ್ಷದ ಹಿಂದೆ ಲೆವೆಲ್ಲು, ಸರಪಣಿ ಹಿಡಿದು ಅಳೆದವರು ನಮಗೆ ಗೊತ್ತಿಲ್ಲದೆ ಸೈಕಲ್ಲಿಗೆ ಹೇಳಿ ಮಾಡಿಸಿದಂಥ ದಾರಿಯನ್ನು ಗುರುತು ಹಾಕಿಕೊಟ್ಟು ಹೋಗಿದ್ದಾರೆ.

ಬೇರೆ ದೇಶಗಳಲ್ಲೂ ಕಾಲುವೆಯ ದಂಡೆ ಸೈಕಲ್ ಸವಾರರ ಅಚ್ಚುಮೆಚ್ಚಿನ ದಾರಿ. 1666ರಿಂದ 1681ರವರೆಗೆ ತೋಡಿದ ಫ್ರಾನ್ಸಿನ ಕನಾಲ್ ದು ಮಿದಿ ಸುಮಾರು 240 ಕಿ.ಮೀ. ಉದ್ದವಿದೆ. ಅಮೆರಿಕದ ಚೆಸಪೀಕ್ ಅಂಡ್ ಒಹಾಯೊ ಕಾಲುವೆಯ ದಂಡೆಯಲ್ಲಿ ವಾಷಿಂಗ್ಟನ್‌ನಿಂದ ಕಂಬರ್‌ಲೆಂಡ್‌ವರೆಗೆ 184.5 ಮೈಲಿ ತುಳಿಯಬಹುದು. ಆದರೆ ಅವು ದೋಣಿಗಾಗಿ ತೋಡಿದ ಕಾಲುವೆಗಳು. ದೋಣಿಗೆ ಕಟ್ಟಿದ ಹಗ್ಗವನ್ನು ಎಳೆಯುವ ಕುದುರೆ, ಹೇಸರಗತ್ತೆಗಾಗಿ ದಂಡೆಯ ದಾರಿ ಮಾಡಿದರು. ಅಲ್ಲಿ ನೀರು ಹೆಚ್ಚುಕಡಿಮೆ ನಿಂತಂತೆಯೇ ಇರುತ್ತದೆ, ಮಟ್ಟ ಬದಲಾಗುವುದು ಲಾಕ್‌ಗೇಟುಗಳ ಹತ್ತಿರ ಮಾತ್ರ. ನಮ್ಮದು ಹರಿಯುವ ನೀರು. ನಮ್ಮ ಏರಿಯ ದಾರಿ ಇರುವುದು ತೂಬು ಎತ್ತಿಳಿಸುವ ನೀರಗಂಟಿಗೆ, ಹೂಳು ತೆಗೆಯುವ ಜೆಸಿಬಿಗೆ, ಗೊಬ್ಬರದ ಗಾಡಿಗೆ. ಕುದುರೆಯ ಕಾಲ ಮುಗಿದು ಅಲ್ಲಿಯ ದಂಡೆಗಳು ಈಗ ವಿಹಾರದ ಜಾಗಗಳಾಗಿವೆ. ಇಲ್ಲಿ ಏರಿಯ ಕೆಲಸ ಇನ್ನೂ ನಡೆಯುತ್ತಿದೆ. ನಾವು ಕೆಲಸದ ದಾರಿಯ ಮೇಲಿದ್ದೇವೆ ಎಂಬುದನ್ನು ಸವಾರರು ಒಂದು ಗಳಿಗೆಯೂ ಮರೆಯಬಾರದು.

ಕಾವೇರಿಯ ನಾಲೆಗಳಲ್ಲಿ ಎರಡು ಕುಲವುಂಟು. ಹಳೆಯವು ಕಟ್ಟೆಯ ನಾಲೆಗಳು. ನದಿಗೆ ಅಡ್ಡಲಾಗಿ ಕಲ್ಲಿನ ತಗ್ಗು ಕಟ್ಟೆ ಕಟ್ಟಿ, ನೀರನ್ನು ಒಂದಿಷ್ಟು ಮೇಲೆತ್ತಿ ದಡದ ಕಾಲುವೆಗೆ ತಿರುಗಿಸುವುದು. ಅದು ನೀರನ್ನು ಕೂಡಿಡುವುದಿಲ್ಲ, ನದಿಯಲ್ಲಿ ಇದ್ದರೆ ಉಂಟು. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಬಂಗಾರದೊಡ್ಡಿ ನಾಲೆ ನದಿಯ ಒಂದು ಕವಲನ್ನೇ ಮೇಲುಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುತ್ತದೆ. ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ಚಿಕ್ಕದೇವರಾಜಸಾಗರ ನಾಲೆ, ಅದರ ಜೊತೆಗೆ ವಿರಿಜಾ ನಾಲೆ ಇದೇ ಕುಲದವು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಸುತ್ತಲಿನ ನಾಲೆ ನೀರಾವರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂಥ ಕಟ್ಟೆಯೊಂದರ ಫಲ ಇವತ್ತಿಗೂ ಎಲ್ಲರಿಗೂ ಗೊತ್ತಿರುವ ರಂಗನತಿಟ್ಟು. 1645–48ರಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ನದಿಯೊಳಗೆ ತಿಟ್ಟುಗಳು ಮೂಡಿದವು. ಹಕ್ಕಿಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ತಾಣವೂ ಆಯಿತು. ಗದ್ದೆಗೆಂದು ಕಟ್ಟಿದ ಕಟ್ಟೆ ಹಕ್ಕಿಗೂ ಮನೆಯಾದ ಕಥೆ ಇದು.

ಈ ಹಳೇ ನಾಲೆಗಳ ದಂಡೆಯಲ್ಲಿ ಸವಾರಿ ಮಾಡುವ ಸುಖವೇ ಬೇರೆ. ಅವು ನದಿಯ ಮಗ್ಗುಲಿಗೇ ಅಂಟಿಕೊಂಡು, ದಡದ ಪ್ರತಿ ಉಬ್ಬುತಗ್ಗಿಗೂ ಬಾಗುತ್ತ ಹೋಗುತ್ತವೆ. ಮುಂದಿನ ಐವತ್ತು ಗಜವೂ ಕಾಣದಷ್ಟು ತಿರುವುಗಳು. ದಾರಿಯುದ್ದಕ್ಕೂ ಹೊಂಗೆ, ಹುಣಸೆ, ತೆಂಗಿನ ನೆರಳು. ನದಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಮಹದೇವಪುರದ ಕಡೆ ಹೋದವರಿಗೆ, ಕರಿಘಟ್ಟದ ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ಜಾಗ ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಇಲ್ಲಿ ಬೇಕಾದದ್ದು ವೇಗವಲ್ಲ, ಹ್ಯಾಂಡಲ್ ಮೇಲಿನ ಹಿಡಿತ.

ಇನ್ನೊಂದು ಕುಲ ಜಲಾಶಯದ ನಾಲೆಗಳದ್ದು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ದೊರೆಯಾಗಿ, ಸರ್ ಎಂ. ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದಾಗ. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಎಬ್ಬಿಸಿದ ಈ ಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಇಲ್ಲಿಂದ ಎಡದಂಡೆಗೆ ಹೊರಟದ್ದು ವೈಸರಾಯ್ ಒಬ್ಬರ ಹೆಸರು ಹೊತ್ತ ಇರ್ವಿನ್ ನಾಲೆ. ಈಗ ಅದೇ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿಸಿ ನಾಲೆ. ಮುಖ್ಯ ನಾಲೆಯ ಉದ್ದ ಸುಮಾರು 45 ಕಿ.ಮೀ., ಆಮೇಲೆ ಶಾಖಾ ನಾಲೆ, ವಿತರಣಾ ನಾಲೆ, ಕೊನೆಗೆ ಗದ್ದೆಯ ಬದುವಿನ ಕಿರುಗಾಲುವೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಎರಡೂ ಈ ನೀರಿನ ಬೆನ್ನಿಗೇ ಬಂದವು. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕಬ್ಬಿನ ಮಾತು ಬಂದಾಗ ಇಲ್ಲಿಯ ಹಿರಿಯರು ಇವತ್ತಿಗೂ ನೆನೆಯುತ್ತಾರೆ.

ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ನೀರಾ ನಾಲೆಗೆ ಬ್ಲಾಕ್ ಪದ್ಧತಿಯನ್ನು ರೂಪಿಸಿದ್ದರು. ಇರ್ವಿನ್ ನಾಲೆಯಲ್ಲೂ ಜಮೀನನ್ನು ಬ್ಲಾಕುಗಳಾಗಿ ಹಂಚಿ, ಭತ್ತ, ಕಬ್ಬು, ಅರೆಖುಷ್ಕಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಸುವ ಯೋಜನೆಯಿತ್ತು. ನೀರು ಹೆಚ್ಚು ಊರುಗಳಿಗೆ ಮುಟ್ಟಲಿ, ಒಂದೇ ಕಡೆ ಜವುಗು ಹಿಡಿಯದಿರಲಿ ಎಂಬುದು ಅದರ ಉದ್ದೇಶ. ಇಂದು ಏರಿಯ ಮೇಲಿಂದ ನೋಡಿದರೆ ಕಬ್ಬು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಹಬ್ಬಿದೆ. ಮೇಲಿನ ಭಾಗದಲ್ಲಿ ಕಬ್ಬು ಹೆಚ್ಚಿದಷ್ಟೂ ಕೊನೆಯ ಭಾಗದ ಗದ್ದೆಗೆ ನೀರು ಕಡಿಮೆ. ಮಳೆ ಕೈಕೊಟ್ಟ ವರ್ಷ ಕಟ್ಟು ನೀರು ಪದ್ಧತಿ ಬರುತ್ತದೆ: ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಸವಾರಿಗೆ ಹೊರಡುವ ಮುನ್ನ ನಾಲೆಯಲ್ಲಿ ನೀರಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನೀರು ತುಂಬಿದ ನಾಲೆ, ಒಣಗಿದ ನಾಲೆ ಎರಡೂ ನೋಡತಕ್ಕವೇ. ಒಣಗಿದಾಗ ತೂಬಿನ ಬಾಯಿ, ಹೂಳಿನ ಪದರ, ಗೋಡೆ ಬಿರುಕು ಬಿಟ್ಟ ಕಡೆ ನೀರು ಸೋರಿದ ಗುರುತು ಎಲ್ಲ ಬಯಲಾಗುತ್ತವೆ.

ಸೈಕಲ್ ವಿಷಯಕ್ಕೆ ಬರೋಣ. ಏರಿಯ ಮೇಲ್ಮೈ ಒಂದೇ ತರ ಇರುವುದಿಲ್ಲ. ಗ್ರಾವೆಲ್ ಹಾಸಿದ ಕಡೆ ಗಟ್ಟಿ, ಟ್ರ್ಯಾಕ್ಟರ್ ಚಕ್ರ ಕೊರೆದ ಕಡೆ ಎರಡು ಸಾಲು ಹಳ್ಳ, ನಡುವೆ ಹುಲ್ಲಿನ ದಿಂಡು. ಹೂಳು ತೆಗೆದು ಮೇಲೆ ಸುರಿದ ಕಡೆ ಒಣಗಿದರೆ ಹೆಂಟೆ, ನೆನೆದರೆ ಕೆಸರು. ತೆಳು ಟೈರಿನ ರೇಸಿಂಗ್ ಸೈಕಲ್ ಇಲ್ಲಿ ಹತ್ತು ನಿಮಿಷದಲ್ಲಿ ಸೋಲುತ್ತದೆ. 2.1ರಿಂದ 2.4 ಇಂಚು ಅಗಲದ ಟೈರಿಗೆ ಪಂಪು ಹೊಡೆಯುವಾಗ ಕಲ್ಲಿನಂತೆ ಗಟ್ಟಿ ಮಾಡಬಾರದು. ಎಪ್ಪತ್ತು ಕಿಲೋ ತೂಕದವರಿಗೆ 28–32 ಪಿಎಸ್‌ಐ ಸಾಕು. ಗಾಳಿ ಕಡಿಮೆಯಿದ್ದಾಗ ಟೈರು ಜಲ್ಲಿಯ ಮೇಲೆ ಪುಟಿಯದೆ ತಬ್ಬಿಕೊಂಡು ಸಾಗುತ್ತದೆ, ಮೈಗೂ ಹಿತ. ಹಿಂಬದಿ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ ಬೇಕಿಲ್ಲ. ಮುಂದಿನ ಫೋರ್ಕಿನಲ್ಲಿ ಸಸ್ಪೆನ್ಷನ್ ಇದ್ದು, ನುಣುಪಾದ ಕಡೆ ಅದನ್ನು ಲಾಕ್ ಮಾಡುವಂತಿದ್ದರೆ ಆಯಿತು. ಗದ್ದೆಯ ಕೆಂಪು ಮಣ್ಣು ನೆನೆದರೂ ತೊಳೆದರೆ ಹೋಗುತ್ತದೆ. ಆಲಮಟ್ಟಿ, ನಾರಾಯಣಪುರದ ಕಾಲುವೆಗಳ ಎರೆ ಭೂಮಿಯಲ್ಲಿ ಮಾತ್ರ ಒಂದು ಹನಿ ಮಳೆ ಬಿದ್ದರೂ ಸೈಕಲ್ಲಿಂದ ಇಳಿಯುವುದೇ ಸರಿ. ಆ ಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಕಟ್ಟಿಕೊಂಡು ಚಕ್ರವನ್ನು ತಿರುಗಲು ಬಿಡುವುದಿಲ್ಲ.

ಏರಿಯ ನಿಜವಾದ ಶತ್ರು ಮುಳ್ಳು. ನಾಲೆಗೆ ನೀರು ಬಿಡುವ ಮುನ್ನ ಗಿಡಗಂಟಿ ಸವರುತ್ತಾರೆ. ಬಳ್ಳಾರಿ ಜಾಲಿಯ ಕೊಂಬೆಗಳನ್ನು ಅಲ್ಲೇ ದಾರಿಯಂಚಿಗೆ ಎಳೆದು ಹಾಕಿರುತ್ತಾರೆ. ಎಲೆ ಉದುರಿ, ಕೊಂಬೆ ಪುಡಿಯಾಗಿ, ಮುಳ್ಳು ಮಾತ್ರ ಮಣ್ಣಿನ ಬಣ್ಣಕ್ಕೆ ತಿರುಗಿ ಬಿದ್ದಿರುತ್ತದೆ. ಟೈರಿಗೆ ಹೊಕ್ಕ ಜಾಲಿ ಮುಳ್ಳನ್ನು ಕಿತ್ತಾಗ ತುದಿ ಒಳಗೇ ಮುರಿದು ಉಳಿಯುವುದುಂಟು. ಹೊಸ ಟ್ಯೂಬು ಹಾಕಿ ಗಾಳಿ ತುಂಬಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಅದೇ ತುದಿ ಮತ್ತೆ ಚುಚ್ಚುತ್ತದೆ. ಆದ್ದರಿಂದ ಟ್ಯೂಬು ಬದಲಿಸುವ ಮುಂಚೆ ಟೈರಿನ ಒಳಮೈಯಲ್ಲಿ ಬೆರಳಾಡಿಸಿ, ನಿಧಾನವಾಗಿ, ಸುತ್ತಲೂ ನೋಡಬೇಕು. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲೆಂಟ್ ದ್ರವ ಹಾಕಿಸಿದ್ದರೆ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ಸೀಮೆಗೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಮಟ್ಟದ ದಾರಿ ಸುಲಭ ಎಂಬುದು ಬೆಟ್ಟದವರ ತಪ್ಪು ತಿಳಿವಳಿಕೆ. ಬೆಟ್ಟದಲ್ಲಿ ಏರಿದ ಮೇಲೆ ಇಳಿತವಿದೆ, ಇಳಿಯುವಾಗ ಕಾಲಿಗೆ ಬಿಡುವು, ಸೀಟಿನಿಂದ ಎದ್ದು ನಿಲ್ಲುವ ಅವಕಾಶ. ಏರಿಯ ಮೇಲೆ ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿ, ಒಂದೇ ಲಯ. ಸೊಂಟ, ಅಂಗೈ, ಕೂರುವ ಜಾಗ ಎಲ್ಲ ಬೇಡ ಎನ್ನುತ್ತವೆ. ಹತ್ತು ನಿಮಿಷಕ್ಕೊಮ್ಮೆ ಬೇಕೆಂದೇ ಎದ್ದು ನಿಂತು ತುಳಿಯುವುದು, ಭಾರದ ಗೇರಿಗಿಂತ ಹಗುರ ಗೇರಿನಲ್ಲಿ ಕಾಲನ್ನು ಬೇಗ ಬೇಗ ತಿರುಗಿಸುವುದು ಇದಕ್ಕೆ ಮದ್ದು.

ಗಾಳಿಯೇ ಈ ಸೀಮೆಯ ಬೆಟ್ಟ. ಆಷಾಢದ ಗಾಳಿಯನ್ನು ಏರಿಯ ಮೇಲೆ ಎದುರಿಸಿದವರಿಗೆ ಅದರ ಅಳತೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಪಡುವಣ ದಿಕ್ಕಿನಿಂದ ಬೀಸುತ್ತದೆ, ನಾಲೆಗಳು ಒಟ್ಟಾರೆ ಮೂಡಣಕ್ಕೆ ಹರಿಯುತ್ತವೆ. ಕನ್ನಂಬಾಡಿಯಿಂದ ಕೆಳಮುಖವಾಗಿ ಹೊರಟರೆ ಗಾಳಿ ಬೆನ್ನಿಗೆ, ಕಾಲಿಗೆ ಶ್ರಮವೇ ತೋರದು. ಅದೇ ದಾರಿಯಲ್ಲಿ ಹಿಂತಿರುಗಿದರೆ ಲೆಕ್ಕ ತಿರುವುಮುರುವು. ಎದುರು ಬರುವ ಗಾಳಿಯ ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ. ಸುತ್ತ ಭತ್ತದ ಗದ್ದೆ ಇರುವ ಕಡೆ ಮರೆ ಎಂಬುದೇ ಇಲ್ಲ. ಎತ್ತರಕ್ಕೆ ಬೆಳೆದ ಕಬ್ಬಿನ ಗದ್ದೆಯ ಪಕ್ಕ ಬಂದ ಕೂಡಲೇ ಸೈಕಲ್ ಹಗುರಾಗುತ್ತದೆ. ಹೀಗಾಗಿ ಮಳೆಗಾಲದಲ್ಲಿ ನಾನು ರೈಲನ್ನೋ ಬಸ್ಸನ್ನೋ ನಂಬಿ ಒಂದೇ ದಿಕ್ಕಿನ ಸವಾರಿ ಇಟ್ಟುಕೊಳ್ಳುತ್ತೇನೆ.

ಏರಿಯ ಮೇಲೆ ಹೆಲ್ಮೆಟ್ ಹಾಕಿದವರು ನಾವೊಬ್ಬರೇ ಇರಬಹುದು, ಸೈಕಲ್ ತುಳಿಯುವವರು ನಾವೊಬ್ಬರೇ ಅಲ್ಲ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳು ಈ ದಾರಿಗಳಲ್ಲಿ ಎಷ್ಟು ಓಡಿವೆಯೋ. ಬೆನ್ನಿಗೆ ಚೀಲ, ಕ್ಯಾರಿಯರ್ ಮೇಲೆ ತಂಗಿ, ನಾಲೆಯ ಅಂಚಿಗೆ ಒಂದು ಗೇಣು ಬಿಟ್ಟು ಸಲೀಸಾಗಿ ಸಾಗುವ ಹುಡುಗಿಯರ ಸಮತೋಲ ನೋಡಿದರೆ ಬೆರಗಾಗುತ್ತದೆ. ಹುಲ್ಲಿನ ಹೊರೆ ಕಟ್ಟಿಕೊಂಡ ಯಜಮಾನರು, ಡೇರಿಗೆ ಹಾಲಿನ ಕ್ಯಾನು ಒಯ್ಯುವವರು ಎದುರಾದಾಗ ಇಳಿದು ನಿಂತು ದಾರಿ ಬಿಡುವುದು ನಮ್ಮ ಕಡೆಯ ಮರ್ಯಾದೆ. ಸುಗ್ಗಿಯಲ್ಲಿ ಏರಿಯ ಮೇಲೆಯೇ ಭತ್ತ ಹರಡಿರುತ್ತಾರೆ. ಆಗ ಸೈಕಲ್ ಹೆಗಲಿಗೇರಿಸಿ ಬದಿಯಲ್ಲಿ ನಡೆಯಬೇಕು. ಅನ್ನದ ಮೇಲೆ ಚಕ್ರ ಹಾಯಿಸಬಾರದು.

ಅಕ್ಟೋಬರ್ ದಾಟಿದ ಮೇಲೆ ಪಾಂಡವಪುರ, ಮಂಡ್ಯದ ಕಡೆ ಆಲೆಮನೆಯ ಹೊಗೆ ದೂರದಿಂದಲೇ ಕರೆಯುತ್ತದೆ. ಗಾಣ ಈಗ ಮೋಟಾರಿನದು. ಕಬ್ಬಿನ ಹಾಲು ಕೊಳವೆಯಲ್ಲಿ ಬಂದು ಕೊಪ್ಪರಿಗೆಗೆ ಬೀಳುತ್ತದೆ. ಒಲೆಯ ಬಾಯಲ್ಲಿ ಕೂತವನು ಒಣಗಿದ ಕಬ್ಬಿನ ಸಿಪ್ಪೆಯನ್ನು ಬಿಡದೆ ತಳ್ಳುತ್ತಿರುತ್ತಾನೆ. ಮೇಲೆ ಬಂದ ಕಪ್ಪು ನೊರೆಯನ್ನು ತೆಗೆಯುತ್ತ ತೆಗೆಯುತ್ತ ಹಾಲು ಹೊಂಬಣ್ಣಕ್ಕೆ ತಿರುಗುತ್ತದೆ, ಗುಳ್ಳೆಗಳು ಸಣ್ಣದರಿಂದ ದೊಡ್ಡದಾಗಿ ದಪ್ಪಗೆ ಒಡೆಯಲು ತೊಡಗುತ್ತವೆ. ಪಾಕ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ಉರುಳಿಸುತ್ತಾರೆ. ಉಂಡೆ ನಿಂತರೆ ಕೊಪ್ಪರಿಗೆ ಇಳಿಸುವ ಹೊತ್ತು. ಅಲ್ಲಿ ಗಡಿಯಾರವೂ ಇಲ್ಲ, ಉಷ್ಣಮಾಪಕವೂ ಇಲ್ಲ. ಕೆಲವು ಗಳಿಗೆ ತಡವಾದರೂ ಬೆಲ್ಲ ಕಪ್ಪಾಗಿ ಮಂಡ್ಯದ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ದಣಿದು ಬಂದವರಿಗೆ ಒಂದು ಲೋಟ ಕಬ್ಬಿನ ಹಾಲು, ಎಲೆಯ ಮೇಲೆ ಬಿಸಿ ಬೆಲ್ಲ ಕೊಡದೆ ಕಳಿಸುವ ಆಲೆಮನೆಯನ್ನು ನಾನಿನ್ನೂ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಅಪಾಯದ ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಸಿ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆಮೇಲೂ ಕಾರುಗಳು ಬಿದ್ದಿವೆ, ಒಂದೊಂದು ಸಾವಾದಾಗಲೂ ತಡೆಗೋಡೆಯ ಮಾತು ಕೇಳಿದೆ. ತುಂಬಿದ ನಾಲೆ ಮೇಲಿಂದ ಶಾಂತವಾಗಿ ಕಾಣುತ್ತದೆ. ಅದರ ಸೆಳೆತ ಮತ್ತು ಆಳ ನೀರಿಗಿಳಿದ ಮೇಲೆ ತಿಳಿಯುತ್ತದೆ. ಹಳೇ ಮಣ್ಣಿನ ನಾಲೆಯಲ್ಲಿ ಬಿದ್ದವರಿಗೆ ಹುಲ್ಲು, ಬೇರು, ಕಲ್ಲು ಏನಾದರೂ ಕೈಗೆ ಸಿಗುತ್ತಿತ್ತು. ಸೋರಿಕೆ ತಡೆದು ಕೊನೆಯ ಭಾಗಕ್ಕೆ ನೀರು ಮುಟ್ಟಿಸಲು ಈಗ ಕಾಂಕ್ರೀಟ್ ಲೈನಿಂಗ್ ಮಾಡಿದ್ದಾರೆ. ಅದು ಬೇಕಾದ ಕೆಲಸವೇ. ಆದರೆ ಪಾಚಿ ಹಿಡಿದ ಆ ಇಳಿಜಾರು ಗೋಡೆಯನ್ನು ಈಜು ಬಲ್ಲವರೂ ಹತ್ತಲಾರರು. ಬಟ್ಟೆ ಒಗೆಯುವ ಸೋಪಾನಗಳು ಊರಿನ ಹತ್ತಿರ ಮಾತ್ರ ಇವೆ, ನಡುವೆ ಉದ್ದಕ್ಕೂ ನುಣ್ಣನೆ ಗೋಡೆ. ಕಾಂಕ್ರೀಟ್ ಹಾಕುವಾಗಲೇ ಇನ್ನೂರು-ಮುನ್ನೂರು ಮೀಟರಿಗೊಂದು ಕಬ್ಬಿಣದ ಏಣಿಯನ್ನೋ, ಕಾಲಿಡುವ ಮೆಟ್ಟಿಲನ್ನೋ, ಅಡ್ಡಕ್ಕೊಂದು ಸರಪಣಿಯನ್ನೋ ಸೇರಿಸುವುದು ದೊಡ್ಡ ವೆಚ್ಚವಲ್ಲ. ಇದು ಸವಾರರಿಗಾಗಿ ಕೇಳುವ ಸೌಕರ್ಯವಲ್ಲ. ದಿನಾ ಅಲ್ಲಿ ಓಡಾಡುವ ಮಕ್ಕಳಿಗೆ, ದನ ತೊಳೆಯಲು ಇಳಿಯುವವರಿಗೆ, ತೂಬಿನ ಕಸ ತೆಗೆಯುವ ನೀರಗಂಟಿಗೆ ಬೇಕಾದದ್ದು.

ಸವಾರರು ತಾವಾಗಿ ಪಾಲಿಸಬೇಕಾದವೂ ಇವೆ. ನೀರಿನ ಬದಿಯ ಚಕ್ರದ ಜಾಡನ್ನು ಬಿಟ್ಟು ಗದ್ದೆಯ ಬದಿಯದನ್ನು ಹಿಡಿಯಬೇಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಜಾಗ ಸಿಕ್ಕ ಕಡೆಯೇ ಇಳಿದು ನಿಲ್ಲಬೇಕು, ಟ್ರೇಲರಿನಿಂದ ಹೊರಚಾಚಿದ ಜಲ್ಲೆಗಳು ಭುಜದೆತ್ತರಕ್ಕೆ ಬರುತ್ತವೆ. ನೀರಿನಂಚಿನಲ್ಲಿ ಸೆಲ್ಫಿ ಬೇಡ, ಕತ್ತಲಲ್ಲಿ ಏರಿಯ ಸಹವಾಸ ಬೇಡ. ಒಂದು ಉದ್ದನೆಯ ನೈಲಾನ್ ಹಗ್ಗವನ್ನು ಚೀಲದಲ್ಲಿಟ್ಟುಕೊಂಡರೆ ಎಂದಾದರೂ ಯಾರಿಗಾದರೂ ಆಸರೆಯಾದೀತು.

ಮುಖ್ಯ ನಾಲೆಯ ಸವಾರಿಯಲ್ಲಿ ಒಂದೇ ಒಂದು ನಿಜವಾದ ಏರು ಬರುತ್ತದೆ, ಹುಲಿಕೆರೆಯಲ್ಲಿ. ಅಲ್ಲಿ ನಾಲೆಗೆ ದಿಣ್ಣೆ ಅಡ್ಡ ಬಂತು, ಸುತ್ತಿ ಹೋಗುವ ಬದಲು ಎಂಜಿನಿಯರುಗಳು ಎರಡೂವರೆ ಕಿ.ಮೀ.ಗೂ ಮೀರಿದ ಸುರಂಗ ಕೊರೆದರು. ನೀರು ನೆಲದೊಳಗೆ ಮಟ್ಟ ಬಿಡದೆ ಸಾಗುತ್ತದೆ, ನಾವು ಮಾತ್ರ ದಿಣ್ಣೆ ಹತ್ತಿ ಇಳಿಯಬೇಕು. ಅಷ್ಟು ಹೊತ್ತು ಮಟ್ಟದ ದಾರಿಗೆ ಒಗ್ಗಿದ ತೊಡೆಗಳು ಆ ಏರಿನಲ್ಲಿ ಉರಿಯುವಾಗ ಆ ಸುರಂಗದ ಬೆಲೆ ತಿಳಿಯುತ್ತದೆ. ಈ ದಿಣ್ಣೆಯನ್ನು ದಾಟಿಸದೆ ಇದ್ದಿದ್ದರೆ ಶಿಂಷಾ ಕಣಿವೆಯ ಕಡೆಯ ಊರುಗಳಿಗೆ, ಮದ್ದೂರಿನ ಗದ್ದೆಗಳಿಗೆ ಕಾವೇರಿ ಮುಟ್ಟುತ್ತಲೇ ಇರಲಿಲ್ಲ. ಯಂತ್ರ ಸೌಕರ್ಯ ಅಷ್ಟಾಗಿ ಇಲ್ಲದ ಕಾಲದಲ್ಲಿ ಕೈಯಿಂದ ಬಂಡೆ ಒಡೆದವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ.

ಅಲ್ಲಿಂದ ಮುಂದೆ ನಾಲೆ ಕವಲೊಡೆಯುತ್ತ, ಕಿರಿದಾಗುತ್ತ ಹೋಗುತ್ತದೆ, ದಾರಿಯೂ ಹಾಗೆಯೇ. ಜೀಪು ಹೋಗುವ ಏರಿ ಮುಗಿದು, ಎತ್ತಿನ ಗಾಡಿ ಹೋಗುವ ಏರಿ ಬರುತ್ತದೆ, ಆಮೇಲೆ ಒಂದು ಚಕ್ರಕ್ಕೆ ಮಾತ್ರ ಜಾಗವಿರುವ ಬದು. ಮೌಂಟನ್ ಬೈಕಿನವರು ಹಂಬಲಿಸುವ ಕಿರುದಾರಿ ಎಂದರೆ ಇದೇ. ಎರಡೂ ಬದಿಗೆ ನಾಟಿಯಾದ ಗದ್ದೆ, ಕಣ್ಣು ಮುಂದೆ ಹತ್ತು ಅಡಿ ದೂರದಲ್ಲಿ ನೆಟ್ಟಿರಬೇಕು, ಏಡಿ ಕೊರೆದ ಬಿಲಗಳನ್ನು ತಪ್ಪಿಸಬೇಕು. ಶಾಖಾ ನಾಲೆಯ ಕೊನೆಗೆ ಹೋದಷ್ಟೂ ನಾಟಿಯಾಗದ ಗದ್ದೆಗಳು ಹೆಚ್ಚು ಕಾಣುತ್ತವೆ. ಮೇಲಿನ ಊರಿನಲ್ಲಿ ಪೈರು ಗೇಣುದ್ದ ಬೆಳೆದಿರುವಾಗ ಇಲ್ಲಿ ಒಟ್ಲು ಪಾತಿಯೇ ಬಲಿತು ಹಳದಿಯಾಗುತ್ತಿರುತ್ತದೆ.

ಶ್ರಾವಣದ ಒಂದು ಮಧ್ಯಾಹ್ನ, ಮಳವಳ್ಳಿ ಕಡೆಯ ಅಂಥದ್ದೊಂದು ಬದುವಿನ ಮೇಲೆ ಸನಿಕೆ ಹಿಡಿದ ಯಜಮಾನರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಸೈಕಲ್ಲಿನ ಬೆಲೆ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

“ಎಲ್ಲಿಂದ ತುಳ್ಕಂಡ್ ಬಂದ್ರಿ ಸಾ?”

“ಕೆಆರ್‌ಎಸ್ ಕಡೆಯಿಂದ ಯಜಮಾನ್ರೇ, ನಾಲೆ ಏರಿ ಮೇಲೇ.”

“ಅಂಗಾರೆ ಮ್ಯಾಲ್ಗಡೆ ನೀರು ಎಷ್ಟದೆ?”

ತುಂಬಿ ಹರಿಯುತ್ತಿದೆ ಎಂದೆ. ಆ ಉತ್ತರ ಅವರಿಗೆ ಸಾಲಲಿಲ್ಲ. ಬೆಳಿಗ್ಗೆ ಊರೊಂದರ ಸೋಪಾನದ ಬಳಿ ಸೈಕಲ್ ಒರಗಿಸಿ ತೆಗೆದ ಫೋಟೊ ಮೊಬೈಲಿನಲ್ಲಿತ್ತು, ತೋರಿಸಿದೆ. ಅವರು ಸೈಕಲ್ಲನ್ನು ನೋಡಲೇ ಇಲ್ಲ. ನೀರಿನಿಂದ ಮೇಲೆ ಉಳಿದ ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸಿದರು, ಯಾವ ಊರಿನ ಸೋಪಾನ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ತಮ್ಮ ಫೋನು ತೆಗೆದು ಮಗನಿಗೆ ಹಚ್ಚಿದರು.

“ಮ್ಯಾಲೆ ಎರಡೇ ಮೆಟ್ಲು ಕಾಣ್ತವೆ ಕಣ್ಲಾ. ನಾಡಿದ್ದು ಒತ್ತಾರೆಗೆ ಇಲ್ಗೆ ಬತ್ತದೆ. ನಾಟಿಗೆ ಆಳು ಹೇಳ್ಬುಡು.”